ಸೈಕಲ್, ಚರಕ, ಚಕ್ರ: ಒಂದೇ ಮನೆತನದ ಪದಗಳು

ಸೈಕಲ್ ಅಂಗಡಿ ಮುಂದೆ ಪಂಕ್ಚರ್ ಹಾಕಿಸಲು ನಿಂತಾಗ ನಮ್ಮ ಬಾಯಿಗೆ ಬರುವ ಮಾತುಗಳನ್ನು ಗಮನಿಸಿ. ಸೈಕಲ್, ವೀಲು, ಚಕ್ರ. ಗೋಡೆ ಮೇಲೆ ಗಾಂಧೀಜಿ ಪಟವಿದ್ದರೆ ಚರಕ. ನಾಲ್ಕೂ ಬೇರೆ ಬೇರೆ ದಾರಿ ಹಿಡಿದು ನಮ್ಮೂರಿಗೆ ಬಂದ ಪದಗಳು. ಆದರೆ ನಾಲ್ಕಕ್ಕೂ ಮುತ್ತಜ್ಜ ಒಬ್ಬನೇ.

ಆ ಮುತ್ತಜ್ಜನನ್ನು ಬರೆದಿಟ್ಟವರಿಲ್ಲ. ಸಾವಿರಾರು ವರ್ಷಗಳ ಹಿಂದೆ, ಲಿಪಿಯೇ ಇಲ್ಲದ ಜನ ಆಡಿದ ಭಾಷೆಯ ಪದವದು. ಆ ಭಾಷೆಗೆ ವಿದ್ವಾಂಸರು ಇಟ್ಟ ಹೆಸರು ಮೂಲ ಇಂಡೋ-ಯುರೋಪಿಯನ್. ಪದ ಸುಮಾರಾಗಿ 'ಕ್ವೆಕ್ವ್ಲೊಸ್'. ಊಹಿಸಿ ಕಟ್ಟಿದ್ದು ಎಂದು ತಿಳಿಯಲಿ ಅಂತ ಅದರ ಮುಂದೆ ನಕ್ಷತ್ರದ ಗುರುತು ಹಾಕುತ್ತಾರೆ. 'ಕ್ವೆಲ್' ಅಂದರೆ ತಿರುಗು. ಅದರ ಮೊದಲಕ್ಷರವನ್ನೇ ಮತ್ತೆ ಸೇರಿಸಿ ಗಾಲಿಗೆ ಹೆಸರಿಟ್ಟರು. ನಾವು 'ಗಿರಗಿರ' ಅನ್ನುವುದಿಲ್ಲವೇ, ಹೆಚ್ಚುಕಡಿಮೆ ಹಾಗೆ.

ಸಂಸ್ಕೃತದಲ್ಲಿ ಅದು 'ಚಕ್ರ' ಆಯಿತು. ಗ್ರೀಕಿನಲ್ಲಿ 'ಕುಕ್ಲೊಸ್' ಆಗಿ, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ದಾಟಿ 'ಸೈಕಲ್' ಆಯಿತು. ಪರ್ಷಿಯನ್ನಿನ 'ಚರ್ಖ್' ಹಿಂದೂಸ್ತಾನಿಯ ಮೂಲಕ ನಮಗೆ 'ಚರಕ' ಕೊಟ್ಟಿತು. ಇಂಗ್ಲಿಷಿನಲ್ಲೇ ಉಳಿದುಬಂದ ರೂಪ 'ವೀಲ್'.

ಕೇಳಲು ಒಂದೇ ಥರ ಇವೆ ಎಂದು ಗಂಟುಹಾಕಿದ್ದಲ್ಲ ಇದು. 'ವೀಲ್' ಸ್ಪೆಲ್ಲಿಂಗಿನಲ್ಲಿ ಡಬ್ಲ್ಯೂ ಪಕ್ಕ ಸುಮ್ಮನೆ ಕೂತ ಹೆಚ್ ಮಕ್ಕಳಿಗೆ ಕಾಟ ಕೊಡುತ್ತದಲ್ಲ, ಅದೇ ಸಾಕ್ಷಿ. ಹಳೆಯ 'ಕ್ವ' ಇಂಗ್ಲಿಷ್ ಬಳಗದಲ್ಲಿ 'ಹ್ವ' ಆಯಿತು. ಲ್ಯಾಟಿನ್ನಿನ 'ಕ್ವೊದ್' ಇಂಗ್ಲಿಷಿನಲ್ಲಿ 'ವಾಟ್' ಆಗಿರುವುದೂ ಇದೇ ನಿಯಮದಿಂದ. ಇಂಥ ಬದಲಾವಣೆಗಳನ್ನು 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಸಾಲಾಗಿ ಜೋಡಿಸಿ ತೋರಿಸಿದ. ಮಕ್ಕಳ ಕಥೆಗಳ ಗ್ರಿಮ್ ಸಹೋದರರಲ್ಲಿ ಒಬ್ಬ ಆತ. ನಿಯಮಕ್ಕೆ ಸಿಗದಿದ್ದರೆ ನೆಂಟಸ್ತಿಕೆಯೂ ಇಲ್ಲ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನ 'ಸರ್ಕಲ್' ಎಷ್ಟು ದುಂಡಗಿದ್ದರೂ ಈ ಮನೆಯದಲ್ಲ, ಅದು 'ಸರ್ಕಸ್' ಮನೆಯದು.

ಈ ಪದಕ್ಕಾಗಿ ಇತಿಹಾಸಕಾರರು ಜಗಳವಾಡಿದ್ದಾರೆ. ಗಾಲಿಯ ಗಟ್ಟಿ ಕುರುಹು ಸಿಗುವುದು ಕ್ರಿ.ಪೂ. 3500ರ ಆಸುಪಾಸಿನಿಂದ. ಪೋಲೆಂಡಿನ ಬ್ರೊನೊಚಿತ್ಸೆಯಲ್ಲಿ ಸಿಕ್ಕ ಮಡಕೆ ಮೇಲೆ ನಾಲ್ಕು ಗಾಲಿಯ ಬಂಡಿಯಂಥ ಚಿತ್ರವಿದೆ. ಗಾಲಿಯೇ ಇಲ್ಲದೆ ಗಾಲಿಗೆ ಹೆಸರೆಲ್ಲಿಂದ ಬರಬೇಕು? ಹಾಗಾಗಿ ಈ ಪದವನ್ನು ಹಂಚಿಕೊಂಡ ಭಾಷೆಗಳು ಅದಕ್ಕೂ ಮೊದಲೇ ದೂರವಾಗಿರಲಾರವು ಎಂಬ ವಾದವಿದೆ. 1987ರಲ್ಲಿ ಕಾಲಿನ್ ರೆನ್‌ಫ್ರೂ, ಈ ಭಾಷೆಗಳು ಇನ್ನೂ ಸಾವಿರಾರು ವರ್ಷ ಮೊದಲೇ ಟರ್ಕಿ ಕಡೆಯಿಂದ ಬೇಸಾಯದ ಜೊತೆ ಹರಡಿದವು ಎಂದಾಗ, ಅವರಿಗೆ ಅಡ್ಡ ಬಂದದ್ದು ಈ ಗಾಲಿಯೇ. ನಮಗೂ ಗಾಲಿಯ ವಾದವೇ ಗಟ್ಟಿ ಅನ್ನಿಸುತ್ತದೆ. ಆದರೂ ಟರ್ಕಿಯ ಹಳೆಯ ಹಿಟ್ಟೈಟ್ ಭಾಷೆಯಲ್ಲಿ ಗಾಲಿಗೆ 'ಹುರ್ಕಿ' ಎಂಬ ಬೇರೆಯೇ ಪದವಿತ್ತು. ಬಹುಶಃ ಅವರು ಗಾಲಿ ಬರುವ ಮೊದಲೇ ಮನೆ ಬಿಟ್ಟವರು.

ಎಲ್ಲ ಭಾಷೆಗೂ ಸಂಸ್ಕೃತವೇ ತಾಯಿ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಈ ಲೆಕ್ಕದಲ್ಲಿ ಸಂಸ್ಕೃತ ಗ್ರೀಕಿಗೆ ತಾಯಿಯಲ್ಲ, ಸೋದರಿ. ಕನ್ನಡವಂತೂ ಆ ಮನೆಯದೇ ಅಲ್ಲ. ದಕ್ಷಿಣದ ಭಾಷೆಗಳದು ಬೇರೆ ಬಳಗ ಎಂದು 1816ರಲ್ಲೇ ಮದರಾಸಿನ ಎಫ್.ಡಬ್ಲ್ಯೂ. ಎಲ್ಲಿಸ್ ತೋರಿಸಿದ್ದರು. ಚಕ್ರವನ್ನು ನಾವು ಎರವಲು ತಂದೆವು. 'ಗಾಲಿ' ಮಾತ್ರ ನಮ್ಮ ಬಳಗದ್ದೇ, ತಮಿಳಿನಲ್ಲೂ ಅದಕ್ಕೆ 'ಕಾಲ್' ಎಂಬ ಹಳೆಯ ಪದವಿದೆ.