ಯಾವ ಕಂಪನಿನೋ ತಮ್ಮಾ?

ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಫೀಸಿನ ರಾಜ್ಯೋತ್ಸವಕ್ಕೆ ನಾಟಕದವರನ್ನು ಕರೆಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಉತ್ತರ ಕರ್ನಾಟಕದಿಂದ ಒಂದು ಡ್ರಾಮಾ ಕಂಪನಿ ಬರುತ್ತಿದೆ, ಎಲ್ಲರೂ ಬನ್ನಿ ಅಂತ ಇಡೀ ಫ್ಲೋರಿಗೆ ಇಂಗ್ಲಿಷಿನಲ್ಲಿ ಮೇಲ್ ಹಾಕಿದೆ. ಹತ್ತು ನಿಮಿಷಕ್ಕೆ ಮ್ಯಾನೇಜರ್ ಉತ್ತರ ಬಂತು: ‘ಕಂಪನಿ ಅಂದರೆ ಗೊಂದಲ ಆಗುತ್ತೆ. ಟ್ರೂಪ್ ಅಂತ ತಿದ್ದು.’

ತಿದ್ದಿದೆ. ಆದರೆ ಸ್ಪೆಲಿಂಗಿನಲ್ಲಿ ಎರಡು ‘ಓ’ ಹಾಕಿಬಿಟ್ಟೆ. ಹಾಗೆ ಬರೆದರೆ ಅದು ಸೈನಿಕರ ತುಕಡಿಯಂತೆ. ನಟರ ಗುಂಪಿಗೆ ‘ಓ ಯು ಪಿ ಇ’ ಬರಬೇಕಂತೆ. ‘ಬರುವಾಗ ಬಂದೂಕನ್ನೂ ತರ್ತಾರಾ?’ ಅಂತ ಒಬ್ಬ ಎಲ್ಲರಿಗೂ ಕಾಣುವ ಹಾಗೆ ರಿಪ್ಲೈ ಮಾಡಿದ. ಕನ್ನಡದಲ್ಲಿ ಬರೆದಿದ್ದರೆ ಎರಡೂ ‘ಟ್ರೂಪ್’ ಅಷ್ಟೇ, ಮರ್ಯಾದೆ ಉಳೀತಿತ್ತು.

ಆ ದಿನ ನೆನಪಾದವನು ಅಜ್ಜ. ನಮ್ಮೂರು ರಾಜೂರ, ಗಜೇಂದ್ರಗಡದ ಮಗ್ಗುಲಲ್ಲಿದೆ. ಕೆಲಸ ಸಿಕ್ಕ ಸುದ್ದಿ ಹೇಳೋಕೆ ಫೋನ್ ಮಾಡಿ, ‘ಅಜ್ಜಾ, ಕಂಪನ್ಯಾಗ ನೌಕರಿ ಸಿಕ್ಕೈತಿ’ ಅಂದಿದ್ದೆ. ಆ ಕಡೆಯಿಂದ ಒಂದರ ಹಿಂದೊಂದು ಮೂರು ಪ್ರಶ್ನೆ ಬಂದವು: ‘ಯಾವ ಕಂಪನಿನೋ ತಮ್ಮಾ? ಏನು ಪಾರ್ಟ್ ಕೊಟ್ಟಾರ? ಊಟಾನೂ ಕಂಪನೀದ ಏನು?’

ಅಜ್ಜನ ಬಾಯಲ್ಲಿ ಕಂಪನಿ ಅಂದರೆ ನಾಟಕದ್ದು, ಬೇರೆ ಅರ್ಥವೇ ಇಲ್ಲ. ಹುಡುಗನಾಗಿದ್ದಾಗ ಬಾದಾಮಿಯ ಬನಶಂಕರಿ ಜಾತ್ರೆಗೆ ಚಕ್ಕಡಿಯಲ್ಲಿ ಹೋದವನು ಅಲ್ಲೇ ಉಳಿದು, ಒಂದು ಕಂಪನಿಯ ಟೆಂಟು ಸೇರಿಕೊಂಡಿದ್ದನಂತೆ. ಎರಡನೇ ದಿನ ಮುತ್ತಜ್ಜ ಹೋಗಿ ಎಳಕೊಂಡು ಬಂದ. ಪಾರ್ಟಂತೂ ಸಿಗಲಿಲ್ಲ, ಎರಡು ದಿನದ ಊಟ ಸಿಕ್ಕಿತ್ತು. ಅಜ್ಜನ ಈ ಪ್ರಶ್ನೆಗಳನ್ನು ನಾನು ಬೆಂಗಳೂರಿನ ಗೆಳೆಯರ ಮುಂದೆ ಜೋಕಿನ ಥರ ಹೇಳುತ್ತಿದ್ದೆ. ಮೇಲ್ ಪ್ರಸಂಗದ ರಾತ್ರಿ ಮಾತ್ರ, ಈ ‘ಕಂಪನಿ’ ನಮ್ಮ ಕಡೆ ಬಂದದ್ದಾದರೂ ಹೇಗೆ ಅಂತ ಓದುತ್ತ ಕೂತೆ.

ಕತೆ ಶುರುವಾಗೋದು ಕರಾವಳಿಯಿಂದ. 1842ರ ಸುಮಾರಿಗೆ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ ಘಟ್ಟ ಹತ್ತಿ ಸಾಂಗಲಿಗೆ ಹೋಗಿ ಆಟ ಆಡಿತು. ಅದನ್ನು ಕಂಡ ಸಾಂಗಲಿಯ ದೊರೆ ಪಟವರ್ಧನರು, ಮರಾಠಿಯಲ್ಲೂ ಇಂಥದ್ದೊಂದು ಬೇಕು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಆಧುನಿಕ ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸೋದು ಅಲ್ಲಿಂದ.

ಮುಂದೆ ಮರಾಠಿ ಮಂಡಳಿಗಳು ನಮ್ಮ ಕಡೆಗೇ ಬಂದು ಕ್ಯಾಂಪ್ ಹಾಕಿದವು. ಆಗ ಧಾರವಾಡ, ಗದಗ ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡದ ಮಂದಿಯೇ ದುಡ್ಡು ಕೊಟ್ಟು ಮರಾಠಿ ನಾಟಕ ನೋಡುತ್ತಿದ್ದರು. ಇದು ಗದುಗಿನಲ್ಲಿದ್ದ ಒಬ್ಬ ಶಾಲಾ ಮಾಸ್ತರರಿಗೆ ಚುಚ್ಚಿತು. ಅವರೇ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು. 1870ರ ದಶಕದಲ್ಲಿ ಅವರು ಕೃತಪುರ ನಾಟಕ ಮಂಡಳಿ ಕಟ್ಟಿದರು, ತಾವೇ ಕನ್ನಡದಲ್ಲಿ ನಾಟಕ ಬರೆದರು. ಆಗ ಅವರಿಗೆ ಹೆಚ್ಚೆಂದರೆ ನನ್ನ ವಯಸ್ಸು. ಮೇಳವಾಗಿ ಹೋದದ್ದು ಮಂಡಳಿಯಾಗಿ ಮನೆಗೆ ಬಂತು.

ಇತ್ತ ಮುಂಬಯಿಯಲ್ಲಿ ಪಾರ್ಸಿಗಳು ಥಿಯೇಟ್ರಿಕಲ್ ಕಂಪನಿಗಳನ್ನು ಶುರುಮಾಡಿದ್ದರು. ಸೀನರಿ ಪರದೆ, ಟಿಕೆಟ್ಟು, ಮಾಲಕ, ಪಗಾರ ಎಲ್ಲ ಪಕ್ಕಾ ವ್ಯಾಪಾರದ ಲೆಕ್ಕ. ಆ ಪದ್ಧತಿಯ ಜೊತೆಗೇ ‘ಕಂಪನಿ’ ಅನ್ನುವ ಮಾತೂ ಜನರ ಬಾಯಿಗೆ ಬಂತು. ಬೋರ್ಡಿನ ಮೇಲೆ ಮಾತ್ರ ಗೌರವದ ಹೆಸರೇ ಇರುತ್ತಿತ್ತು. ಗದುಗಿನ ಗರುಡ ಸದಾಶಿವರಾಯರದ್ದು ದತ್ತಾತ್ರೇಯ ನಾಟಕ ಮಂಡಳಿ. ಏಣಗಿ ಬಾಳಪ್ಪನವರದ್ದು ಕಲಾವೈಭವ ನಾಟ್ಯ ಸಂಘ. 1884ರಲ್ಲಿ ಹುಟ್ಟಿದ ಗುಬ್ಬಿಯದ್ದು ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಜನರಿಗೆ ಎಲ್ಲವೂ ಕಂಪನಿಯೇ.

ಇನ್ನು ಇಂಗ್ಲಿಷಿನ ಲೆಕ್ಕ. ಎರಡೂ ‘ಟ್ರೂಪ್’ ಫ್ರೆಂಚಿನ ಒಂದೇ ಪದದ ಮಕ್ಕಳು. ಒಂದು ಹದಿನಾರನೇ ಶತಮಾನದಲ್ಲೇ ಬಂದು ಸೈನ್ಯ ಸೇರಿತು. ಇನ್ನೊಂದು ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಸ್ಪೆಲಿಂಗನ್ನೇ ಹೊತ್ತು ಬಂದು ನಟರ ಪಾಲಾಯಿತು. ಅದಕ್ಕೂ ಮೊದಲೇ ಇಂಗ್ಲಿಷರು ನಾಟಕದವರನ್ನು ಕಂಪನಿ ಅಂತಲೇ ಕರೆಯುತ್ತಿದ್ದರು. ಇವತ್ತಿಗೂ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಇದೆ. ಅಂದರೆ ನನ್ನ ಮೊದಲನೇ ಮೇಲ್ ಸರಿಯಾಗಿಯೇ ಇತ್ತು!

ಆದರೆ ನನ್ನನ್ನು ನಿಲ್ಲಿಸಿದ್ದು ‘ಕಂಪನಿ’ಯ ಬೇರು. ಲ್ಯಾಟಿನ್ನಿನಲ್ಲಿ ‘ಕೊಂ’ ಅಂದರೆ ಕೂಡಿ, ‘ಪಾನಿಸ್’ ಅಂದರೆ ರೊಟ್ಟಿ. ಕೂಡಿ ರೊಟ್ಟಿ ತಿನ್ನುವವರು!

ನಮ್ಮ ನಾಟಕ ಕಂಪನಿಗಳು ಅಕ್ಷರಶಃ ಹಾಗೇ ಬದುಕಿದ್ದವು. ಊರೂರಿಗೆ ಕ್ಯಾಂಪು, ಎಲ್ಲರಿಗೂ ಒಂದೇ ಅಡುಗೆಮನೆ. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಪಗಾರ ನಿಲ್ಲುತ್ತಿತ್ತು, ಮಾಲಕ ಸಾಲಗಾರನಾಗುತ್ತಿದ್ದ. ಒಲೆ ಮಾತ್ರ ಆರಿಸುವಂತಿರಲಿಲ್ಲ. ‘ಕೃಪಾಪೋಷಿತ’ ಅನ್ನುವ ಹೆಸರನ್ನೇ ನೋಡಿ, ಅದರೊಳಗೂ ಪೋಷಣೆ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವಂತೂ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಡಲು ನಾಟಕ ಕಂಪನಿಯನ್ನೇ ನಡೆಸಿತು. ಸ್ವತಃ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕಗಳನ್ನು ಬರೆದರು.

ಬನಶಂಕರಿ ಜಾತ್ರೆಯಲ್ಲಿ ಈಗಲೂ ಕಂಪನಿಗಳ ಟೆಂಟುಗಳು ಸಾಲಾಗಿ ಏಳುತ್ತವೆ. ಬನದ ಹುಣ್ಣಿಮೆಯ ಹೊತ್ತಿಗೆ ಹೋದರೆ ನೋಡಬಹುದು. ಮೊನ್ನೆ ಹೋದಾಗ ನಾನು ನಾಟಕಕ್ಕಿಂತ ಹೆಚ್ಚು ಹೊತ್ತು ಟೆಂಟಿನ ಹಿಂದೆ ನಿಂತಿದ್ದೆ. ಮುಖದ ಬಣ್ಣ ಇನ್ನೂ ತೊಳೆಯದ ಇಬ್ಬರು ಒಲೆ ಮುಂದೆ ತಾಟು ಹಿಡಿದು ಕೂತಿದ್ದರು.

ನಮ್ಮ ಆಫೀಸಿನಲ್ಲಿ ದೊಡ್ಡ ಕೆಫೆಟೇರಿಯಾ ಇದೆ. ನಾನು ಮಾತ್ರ ಲ್ಯಾಪ್‌ಟಾಪ್ ಮುಂದೆ, ಮ್ಯೂಟಿನಲ್ಲಿ ಮೀಟಿಂಗ್ ಇಟ್ಟುಕೊಂಡು ಒಬ್ಬನೇ ಉಣ್ಣುತ್ತೇನೆ. ಪಕ್ಕದ ಸೀಟಿನವನ ಡಬ್ಬಿಯಲ್ಲಿ ಏನಿರುತ್ತೆ ಅಂತ ಮೂರು ವರ್ಷದಲ್ಲಿ ಒಮ್ಮೆಯೂ ನೋಡಿಲ್ಲ.

ಅಜ್ಜ ಈಗಿಲ್ಲ. ಅವನ ಮೊದಲ ಎರಡು ಪ್ರಶ್ನೆಗೆ ನಾನು ಆ ದಿನವೇ ನಕ್ಕು ಏನೋ ಉತ್ತರ ಕೊಟ್ಟಿದ್ದೆ. ಮೂರನೆಯದಕ್ಕೆ ಕೊಟ್ಟಿರಲಿಲ್ಲ. ಅವನು ಕಂಪನಿಯ ಅರ್ಥವನ್ನೇ ಕೇಳಿದ್ದ ಅಂತ ತಿಳಿಯೋಕೆ ನನಗೆ ಇಂಗ್ಲಿಷ್ ನಿಘಂಟೇ ಬೇಕಾಯಿತು.