ಸೈಕ್ಲೋನ್ ಉಳಿದ ಕಥೆ

ರೋಲರ್ ಕೋಸ್ಟರಿಗೂ ಇತಿಹಾಸವಿದೆ, ಗೊತ್ತೇ? ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ‘ಸ್ವಿಚ್‌ಬ್ಯಾಕ್ ರೈಲ್ವೆ’ ಶುರುಮಾಡಿದ. ಟಿಕೆಟ್ 5 ಸೆಂಟ್. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ಸೈಕಲ್ ಸವಾರಿಗಿಂತ ನಿಧಾನ!

ಅದೇ ತೀರದಲ್ಲಿ 1927ರಲ್ಲಿ 85 ಅಡಿ ಎತ್ತರದ, ಮರದ ಹಳಿಯ ‘ಸೈಕ್ಲೋನ್’ ಬಂತು. 1970ರ ದಶಕದಲ್ಲಿ ಪಕ್ಕದ ಅಕ್ವೇರಿಯಂ ವಿಸ್ತರಣೆಗಾಗಿ ಅದನ್ನು ಕೆಡವುವ ಮಾತು ಎದ್ದಿತು. ಸ್ಥಳೀಯರೂ ಅಭಿಮಾನಿಗಳೂ ‘ಸೈಕ್ಲೋನ್ ಉಳಿಸಿ’ ಎಂದರು. ದುರಸ್ತಿಯಾಗಿ 1975ರಲ್ಲಿ ಅದು ಮತ್ತೆ ಓಡಿತು. ಊರೂರು ಸುತ್ತಿ ಕೋಸ್ಟರ್ ಹತ್ತುವವರು 1978ರಲ್ಲಿ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಸಂಘ ಕಟ್ಟಿ, ಹಳೆಯ ಕೋಸ್ಟರ್‌ಗಳ ಪರ ನಿಂತರು. 1988ರಲ್ಲಿ ಸೈಕ್ಲೋನ್ ನಗರದ ಅಧಿಕೃತ ಸ್ಮಾರಕವಾಯಿತು.

ಕೋಟೆ, ಗುಡಿಗಳಂತೆ ಆಟದ ಬಂಡಿಯೂ ಸ್ಮಾರಕವಾಗಬಲ್ಲದು. ಹತ್ತಿ ಕೂರುವವರ ಪ್ರೀತಿ ಇರಬೇಕು, ಅಷ್ಟೇ!