ಊರಿನ ವಿನ್ಯಾಸ, ಉಸಿರಿನ ಗಾಳಿ

ಹೊಗೆಯ ಮಾತು ಬಂದಾಗ ನಾವು ವಾಹನವನ್ನು ದೂರುತ್ತೇವೆ. ವಾಹನವಿಲ್ಲದೆ ಬಾಳಲಾಗದಂತೆ ಊರನ್ನು ಹರಡಿದವರು ಯಾರೆಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕಾನೂನಿನ ಮೂಲಕವೇ ಕೇಳಿದ ನಾಡು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ಇತಿಹಾಸವು ಗಡಿಯಲ್ಲಿ ನೆಲಸಿರುವ ನಮಗೂ ಪಾಠವಾಗಬಲ್ಲದು.

1943ರ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯಿತು. ಯುದ್ಧದ ದಿನಗಳಾದ್ದರಿಂದ ಶತ್ರುಗಳ ವಿಷಾನಿಲವಿರಬಹುದೆಂದು ಕೆಲವರು ಶಂಕಿಸಿದರು. ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ತಪ್ಪು ಹೊರಿಸಿ, ಅದನ್ನು ನಿಲ್ಲಿಸಿದರೂ ಮಬ್ಬು ಕರಗಲಿಲ್ಲ. 1950ರ ದಶಕದ ಆರಂಭದಲ್ಲಿ ಏರಿ ಹಾಗೆನ್-ಸ್ಮಿತ್ ಎಂಬ ವಿಜ್ಞಾನಿ, ವಾಹನಗಳ ಹೊಗೆಯೇ ಬಿಸಿಲಿನಲ್ಲಿ ಮಾರ್ಪಟ್ಟು ಹೀಗಾಗುತ್ತದೆಂದು ತೋರಿಸಿಕೊಟ್ಟರು. 1967ರಲ್ಲಿ ರಾಜ್ಯವು ವಾಯು ಸಂಪನ್ಮೂಲ ಮಂಡಳಿಯನ್ನು ಸ್ಥಾಪಿಸಿತು. ಎಂಜಿನ್ನುಗಳು ಸುಧಾರಿಸಿದವು, ಇಂಧನ ಶುದ್ಧವಾಯಿತು. ಆದರೆ ಮನೆ ಒಂದೆಡೆ, ಉದ್ಯೋಗ ಮತ್ತೊಂದೆಡೆ ಎಂಬಂತೆ ಊರುಗಳು ಬೆಳೆದುದರಿಂದ ಓಡಾಟದ ದೂರ ಹೆಚ್ಚುತ್ತಲೇ ಹೋಯಿತು.

ಈ ಮೂಲವನ್ನು ಮುಟ್ಟಲು 2008ರ ಸೆಪ್ಟೆಂಬರ್ 30ರಂದು ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರು ಸೆನೆಟ್ ಮಸೂದೆ 375ಕ್ಕೆ ಅಂಕಿತ ಹಾಕಿದರು. ಅದರಂತೆ ರಾಜ್ಯದ 18 ಪ್ರಾದೇಶಿಕ ಯೋಜನಾ ಸಂಸ್ಥೆಗಳು ವಸತಿ, ಭೂಬಳಕೆ, ಸಾರಿಗೆ ಮೂರನ್ನೂ ಒಂದುಗೂಡಿಸಿ ಯೋಜನೆ ಬರೆಯಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶವು ಪ್ರಯಾಣಿಕ ವಾಹನಗಳ ತಲಾ ಹೊರಸೂಸುವಿಕೆಯನ್ನು 2005ರ ಮಟ್ಟಕ್ಕಿಂತ 2020ಕ್ಕೆ ಶೇ. 7ರಷ್ಟು, 2035ಕ್ಕೆ ಶೇ. 15ರಷ್ಟು ತಗ್ಗಿಸಬೇಕೆಂದು 2010ರಲ್ಲಿ ಗುರಿ ನಿಗದಿಯಾಯಿತು.

ಗುರಿಯೇನೋ ದೊಡ್ಡದು, ಆದರೆ ಯಾವ ನೆಲದಲ್ಲಿ ಏನು ಕಟ್ಟಬೇಕೆಂಬ ಅಧಿಕಾರ ಆಯಾ ನಗರಗಳ, ಕೌಂಟಿಗಳ ಕೈಯಲ್ಲೇ ಉಳಿಯಿತು. ರಾಜ್ಯವು ನಿರೀಕ್ಷಿತ ಹಾದಿಯಲ್ಲಿಲ್ಲವೆಂದು 2018ರ ವರದಿಯಲ್ಲಿ ಮಂಡಳಿಯೇ ಒಪ್ಪಿಕೊಂಡಿತು. ಯೋಜನೆ ಬರೆಯುವವರು ಒಬ್ಬರು, ನೆಲದ ಮೇಲೆ ತೀರ್ಮಾನಿಸುವವರು ಇನ್ನೊಬ್ಬರು ಆದಾಗ ಆಗುವುದೇ ಇದು.

ಈಗ ನಮ್ಮ ಹೊಸೂರನ್ನು ನೋಡೋಣ. ಬೆಂಗಳೂರು ಇಲ್ಲಿಗೆ ಸುಮಾರು 40 ಕಿಲೋಮೀಟರ್. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಬೆಳಗಾದರೆ ಅತ್ತಿಬೆಲೆ ದಾಟಿ ದುಡಿಯಲು ಹೋಗುತ್ತಾರೆ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಹೆದ್ದಾರಿ ಒಂದೇ, ಅದರ ಇಕ್ಕೆಲದ ಊರುಗಳನ್ನು ರೂಪಿಸುವ ಸರ್ಕಾರಗಳು ಎರಡು. ಗಾಳಿಗಾದರೋ ಗಡಿ ತಿಳಿಯದು. ಕನ್ನಡ ಶಾಲೆಗಳ ಉಳಿವಿಗಾಗಿ ಮನವಿ ಸಲ್ಲಿಸುತ್ತ ಬಂದಿರುವ ನಾವು, ಆ ಮಕ್ಕಳು ಉಸಿರಾಡುವ ಗಾಳಿಗಾಗಿ ಎರಡೂ ರಾಜ್ಯಗಳು ಜೊತೆಗೂಡಿ ಯೋಜಿಸಲೆಂದು ಕೇಳುವುದೂ ಸಂಘದ ಕರ್ತವ್ಯವೇ ಸರಿ.